ಉಭಯ ಕುಶಲೋಪರಿ

ಒಬ್ಬನು ಎಲ್ಲಿರುವನು, ಹೇಗಿರುವನು, ಅವನೊಡನೆ ಈಗ ಮಾತನಾಡಬಹುದೋ ಬಾರದೋ ಎಂಬುದನ್ನು ದೂರದವರಿಗೆ ತಿಳಿಸುವ ಉಪಾಯಗಳಿಗೆ ದೀರ್ಘವಾದ ಇತಿಹಾಸವುಂಟು. ಇಂದು ಗಣಕಯಂತ್ರದಲ್ಲಿಯೂ ಕೈಫೋನಿನಲ್ಲಿಯೂ ಹೆಸರಿನ ಮಗ್ಗುಲಲ್ಲಿ ಕಾಣುವ 'ಸ್ಟೇಟಸ್' ಎಂಬುದು ಆ ಇತಿಹಾಸದ ಈಚಿನ ಅಧ್ಯಾಯ ಮಾತ್ರ. ಅದರ ಗುಣದೋಷಗಳನ್ನು ಅರಿಯಬೇಕಾದರೆ ಹಿಂದಿನ ಅಧ್ಯಾಯಗಳನ್ನೂ ನೋಡಬೇಕು. ಅದಕ್ಕೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಘಟ್ಟದ ಮೇಲಿನ ಸೀಮೆಯು ಬಹಳ ಅನುಕೂಲವಾದ ಸ್ಥಳ.

ಈ ಸೀಮೆಯಲ್ಲಿ ಮನೆಗಳು ಒತ್ತಾಗಿಲ್ಲ. ಅಡಿಕೆಯ ತೋಟವು ಕಣಿವೆಯಲ್ಲಿ, ಮನೆಯು ಅದರ ಅಂಚಿನಲ್ಲಿ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಗುಡ್ಡ, ಕಾಡು, ಹಳ್ಳ. ಇಂಥಲ್ಲಿ ದೂರವನ್ನು ಅಳೆಯುವ ಮೊದಲ ಮಾನವು ಕೂಗಳತೆ. ತೋಟಕ್ಕಿಳಿದವನನ್ನು ಮನೆಯಿಂದ 'ಕೂ' ಎಂದು ಕರೆದರೆ ಅವನು ಓಗೊಡಬೇಕು. ಓಗೊಟ್ಟರೆ ಅವನಿದ್ದಾನೆ, ಕುಶಲದಿಂದಿದ್ದಾನೆ ಎಂದು ತಿಳಿಯಿತು. ಓಗೊಡದಿದ್ದರೆ ಯಾರಾದರೂ ಎದ್ದು ಹೋಗಿ ನೋಡುವರು. ಕರೆಯೂ ಮರುಕರೆಯೂ ಕೂಡಿಯೇ ಒಂದು ವರ್ತಮಾನವಾಗುತ್ತಿತ್ತು.

ಕೂಗು ಮುಟ್ಟದ ದೂರಕ್ಕೆ ಕಾಗದವು ಹೋಯಿತು. 1879ನೆಯ ಇಸವಿಯ ಜುಲೈ 1ರಂದು ಹಿಂದುಸ್ಥಾನದಲ್ಲಿ ಕಾಲಾಣೆಯ ಅಂಚೆಯ ಕಾರ್ಡು ಬಳಕೆಗೆ ಬಂದಿತು. 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ತೆರೆದ ಬಳಿಕ ಘಟ್ಟದ ಮೇಲಿನ ಹುಡುಗರಿಗೆ ಉಚ್ಚ ಶಿಕ್ಷಣವು ಹತ್ತಿರವಾಯಿತು. ಮನೆಗೂ ಮಗನಿಗೂ ನಡುವೆ ಕಾಗದವೇ ಸೇತುವೆಯಾಯಿತು. ತಂದೆಗೆ 'ತೀರ್ಥರೂಪ', ಮಗನಿಗೆ 'ಚಿರಂಜೀವಿ' ಎಂದು ಆರಂಭಿಸಿ, 'ಉಭಯ ಕುಶಲೋಪರಿ ಸಾಂಪ್ರತ' ಎಂದು ಮುಂದುವರಿಯುವುದು ಅಂದಿನ ಒಕ್ಕಣೆ. ಇತ್ತ ನಾವೆಲ್ಲ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಬೇಕು ಎಂಬುದು ಅದರ ತಾತ್ಪರ್ಯ. ಒಕ್ಕಣೆಯು ಬರಿಯ ರೂಢಿಯೆಂದು ಹಲವರು ನಕ್ಕುದುಂಟು. ಆದರೆ ಅದರೊಳಗಿನ 'ಉಭಯ' ಎಂಬ ಪದವು ಲಘುವಾದುದಲ್ಲ. ತನ್ನ ಸ್ಥಿತಿಯನ್ನು ಹೇಳಿದವನು ಎದುರಿನವನ ಸ್ಥಿತಿಯನ್ನು ಕೇಳಲೇಬೇಕೆಂಬ ಕಟ್ಟು ಅದರಲ್ಲಿತ್ತು. ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಕಾಗದವು ಓದುವ ಮೊದಲೇ ಮಂಗಲವನ್ನು ಸಾರುತ್ತಿತ್ತು. ಸಾವಿನ ಸುದ್ದಿಯ ಕಾಗದವನ್ನು ಓದಿ ಹರಿದು ಹಾಕುತ್ತಿದ್ದರು, ಮನೆಯೊಳಗೆ ಇರಿಸುತ್ತಿರಲಿಲ್ಲ.

ತಂತಿಯು ವೇಗವನ್ನು ತಂದಿತು, ಮಾತನ್ನು ಕಡಿಮೆ ಮಾಡಿತು. ಶುಭಾಶಯಗಳಿಗೆ ತಂತಿ ಇಲಾಖೆಯು ಸಿದ್ಧವಾಕ್ಯಗಳ ಪಟ್ಟಿಯನ್ನೇ ಮಾಡಿ ಒಂದೊಂದಕ್ಕೆ ಒಂದೊಂದು ಅಂಕಿಯನ್ನು ಕೊಟ್ಟಿತ್ತು. ಕಳುಹಿಸುವವನು ಅಂಕಿಯನ್ನು ಆರಿಸಿದರೆ ಸಾಕು, ಪಡೆಯುವವನಿಗೆ ಇಡೀ ವಾಕ್ಯವು ದೊರೆಯುತ್ತಿತ್ತು. ಭಾವವನ್ನು ಪಟ್ಟಿಯಿಂದ ಆರಿಸುವ ಈ ಪದ್ಧತಿಯು 2013ರ ಜುಲೈಯಲ್ಲಿ ತಂತಿಯೊಡನೆ ಮುಗಿಯಿತು. ಆದರೆ ಅಷ್ಟರಲ್ಲಿ ಅದು ಬೇರೊಂದು ಯಂತ್ರದಲ್ಲಿ ಮರುಹುಟ್ಟು ಪಡೆದಿತ್ತು.

ಆ ಯಂತ್ರದ ಕಥೆಯು 1971ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ ತೊಡಗುತ್ತದೆ. ಗಣಕದ ಮುಂದೆ ಯಾರಿರುವರು, ಎಷ್ಟು ಹೊತ್ತಿನಿಂದ ಸುಮ್ಮನಿರುವರು ಎಂಬುದನ್ನು ತೋರಿಸಲು ಲೆಸ್ ಅರ್ನೆಸ್ಟ್ ಎಂಬವರು 'ಫಿಂಗರ್' ಎಂಬ ಸಾಧನವನ್ನು ರಚಿಸಿದರು. ತಮ್ಮ ಗೈರುಹಾಜರಿಗೆ ಕಾರಣವನ್ನು ಬರೆದಿಡಲು ಜನರು ಸ್ಥಳವನ್ನು ಬೇಡಿದುದರಿಂದ ಅದಕ್ಕೆ 'ಪ್ಲ್ಯಾನ್' ಎಂಬ ಕಡತವೂ ಸೇರಿತು. 1996ರಲ್ಲಿ ಇಸ್ರೇಲಿನಿಂದ 'ಐಸಿಕ್ಯೂ' ಬಂದಿತು. 1999ರಲ್ಲಿ ಜೆರೆಮಿ ಮಿಲ್ಲರ್ ಎಂಬವರು ಯಾರೂ ಬಳಸಬಹುದಾದ 'ಜಾಬರ್' ಎಂಬ ಮುಕ್ತ ಸಂವಾದ ವಿಧಾನವನ್ನು ಪ್ರಕಟಿಸಿದರು. 2004ರಲ್ಲಿ ಅದು 'ಎಕ್ಸ್‌ಎಂಪಿಪಿ' ಎಂಬ ಹೆಸರಿನಿಂದ ಅಂತರಜಾಲದ ನಿಯಮಗ್ರಂಥಗಳಲ್ಲಿ ಸ್ಥಾನ ಪಡೆಯಿತು.

ಈ ವಿಧಾನದ ಮೂಲದಲ್ಲಿ ಸ್ಥಿತಿಯ ಪ್ರಕಾರಗಳು ಕೆಲವೇ: ಇದ್ದಾನೆ, ಮಾತಿಗೆ ಸಿದ್ಧನಿದ್ದಾನೆ, ಹೊರಗಿದ್ದಾನೆ, ಬಹಳ ಹೊತ್ತು ಹೊರಗಿದ್ದಾನೆ, ತೊಂದರೆ ಕೊಡಬಾರದು. ಜೊತೆಗೆ ಸ್ವಂತ ಮಾತಿನ ಒಂದು ಸಾಲು. ಉಳಿದುದನ್ನೆಲ್ಲ ಬಳಿಕ ಬಿಡಿಯಾದ ಉಪಾಂಗಗಳಾಗಿ ಕೂಡಿಸಿದರು. ಒಂದು ಮನೋಭಾವಕ್ಕೆ, ಒಂದು ಮಾಡುತ್ತಿರುವ ಕೆಲಸಕ್ಕೆ, ಒಂದು ಕೇಳುತ್ತಿರುವ ಹಾಡಿಗೆ, ಒಂದು ಇರುವ ಸ್ಥಳಕ್ಕೆ. ಮನೋಭಾವದ ಪಟ್ಟಿಯಲ್ಲಿ ಹಸಿವು, ಆಯಾಸ, ಕಳವಳ, ಒಂಟಿತನಗಳೇ ಮೊದಲಾದ ಹತ್ತಾರು ಪದಗಳುಂಟು. 'ಮಿರಾಂಡಾ', 'ಪಿಜಿನ್' ಮೊದಲಾದ ಸಂವಾದ ಸಾಧನಗಳಲ್ಲಿ ಬೇಕಾದವರು ಬೇಕಾದ 'ಪ್ಲಗಿನ್' ಎಂಬ ಬಿಡಿಭಾಗವನ್ನು ಜೋಡಿಸಿಕೊಳ್ಳುವರು, ಬೇಡದವರು ಬಿಡುವರು. ಇದರಲ್ಲಿ ವಿವೇಕವಿದೆ: ಇರವನ್ನು ತಿಳಿಸುವುದು ಸಾಮಾನ್ಯ ಧರ್ಮ, ಮನಸ್ಸನ್ನು ತೆರೆಯುವುದು ಅವರವರ ಇಚ್ಛೆ.

ಇನ್ನೊಂದು ಸಂಗತಿಯು ಇದಕ್ಕಿಂತಲೂ ಗಮನಾರ್ಹವಾಗಿದೆ. ಜಾಬರಿನಲ್ಲಿ ಒಬ್ಬರ ಇರವು ಇನ್ನೊಬ್ಬರಿಗೆ ಕಾಣಬೇಕಾದರೆ ಅನುಮತಿ ಬೇಕು. ಆ ಸಂಬಂಧಕ್ಕೆ ನಾಲ್ಕು ಅವಸ್ಥೆಗಳು: ಯಾವುದೂ ಇಲ್ಲ, ಇತ್ತಲಿಂದ ಮಾತ್ರ, ಅತ್ತಲಿಂದ ಮಾತ್ರ, ಉಭಯ. ಹಳೆಯ ಒಕ್ಕಣೆಯ ಪದವು ಸಾವಿರಾರು ಮೈಲಿಗಳಾಚೆಯ ನಿಯಮಗ್ರಂಥದಲ್ಲಿ, ಒಕ್ಕಣೆಯ ಪರಿಚಯವೇ ಇಲ್ಲದವರ ಕೈಯಿಂದ, ಮತ್ತೆ ಮೂಡಿದೆ.

2009ರ ಫೆಬ್ರವರಿಯಲ್ಲಿ ಜಾನ್ ಕೌಮ್ ಎಂಬವರು 'ವಾಟ್ಸ್ಆ್ಯಪ್' ಸಂಸ್ಥೆಯನ್ನು ಆರಂಭಿಸಿದಾಗ ಅದು ಸಂದೇಶದ ಸಾಧನವಾಗಿರಲಿಲ್ಲ. ಫೋನಿನ ವಿಳಾಸಪಟ್ಟಿಯಲ್ಲಿ ಹೆಸರಿನೊಡನೆ ಸ್ಥಿತಿಯನ್ನು ತೋರಿಸುವುದೇ ಅದರ ಉದ್ದೇಶವಾಗಿತ್ತು. ಆದರೆ ಜನರು ಸ್ಥಿತಿಯ ಸಾಲನ್ನೇ ಬದಲಿಸಿ ಬದಲಿಸಿ ಒಬ್ಬರಿಗೊಬ್ಬರು ಉತ್ತರ ಕೊಡತೊಡಗಿದರು. ಅದರಿಂದಲೇ ಅದು ಸಂವಾದದ ಸಾಧನವಾಗಿ ಬೆಳೆಯಿತು. ಬರಿಯ ಕರೆಯಿಂದ ಮನುಷ್ಯನಿಗೆ ತೃಪ್ತಿಯಿಲ್ಲ, ಓಗೊಡುವಿಕೆಯು ಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಡ. 2017ರಲ್ಲಿ ಆ ಸಾಲಿನ ಸ್ಥಾನದಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಅಳಿಯುವ ಚಿತ್ರಗಳು ಬಂದವು; ಬಳಕೆದಾರರು ಆಕ್ಷೇಪಿಸಿದ ಮೇಲೆ ಹಳೆಯ ಸಾಲು ಮರಳಿತು.

ಇಂದು ಘಟ್ಟದ ಮೇಲಿನ ಎಷ್ಟೋ ಮನೆಗಳಲ್ಲಿ ಮುದುಕರಿಬ್ಬರೇ ಉಳಿದಿರುವರು; ಮಕ್ಕಳು ಬೆಂಗಳೂರಿನಲ್ಲಿ, ಇಲ್ಲವೆ ಸಮುದ್ರದಾಚೆ. ತಾಯಿಯು ಮಗನ ಸ್ಟೇಟಸ್ಸಿನಲ್ಲಿ ಚಿತ್ರವನ್ನು ನೋಡಿ ಸುಖವಾಗಿರುವನೆಂದು ಊಹಿಸುವಳು. ಮಳೆಗಾಲದಲ್ಲಿ ಮರವು ಬಿದ್ದು ವಿದ್ಯುತ್ತೂ ಸಂಪರ್ಕವೂ ಕಡಿದಾಗ, ತಾಯಿಯ ಹೆಸರಿನ ಕೆಳಗೆ ಮೊನ್ನೆಯ ವೇಳೆಯೇ ನಿಂತಿರುವುದನ್ನು ಕಂಡು ಮಗನು ಕಳವಳಪಡುವನು. ಯಂತ್ರವು ತೋರಿಸುವುದು ಸಂಪರ್ಕವನ್ನು, ಕ್ಷೇಮವನ್ನಲ್ಲ. ಎಲ್ಲರಿಗೂ ಹೇಳಿದ ಕ್ಷೇಮವು ಯಾರನ್ನೂ ಕೇಳಿದಂತಾಗುವುದಿಲ್ಲ. ಒಕ್ಕಣೆಯು ಹೋದರೆ ಹೋಗಲಿ; ಅದರ 'ಉಭಯ'ವು ಉಳಿಯಬೇಕು. ಸ್ಟೇಟಸ್ಸನ್ನು ನೋಡಿ ಸುಮ್ಮನಾಗದೆ 'ಹೇಗಿದ್ದೀ' ಎಂದು ಕೇಳಿ, ಉತ್ತರಕ್ಕೆ ಕಾಯುವ ಮನಸ್ಸಿರುವವರೆಗೆ ಎಷ್ಟು ದೂರವಾದರೂ ಕೂಗಳತೆಯೇ ಸರಿ.