ಹಳೆಯ ನೋಟಿಗೆ ಬೆಲೆ ಬರುವುದು ಹೇಗೆ?

ನಮ್ಮ ಭಾಗದ ಹಳೆಯ ಮನೆಗಳಲ್ಲಿ ಅಜ್ಜಿಯ ಟ್ರಂಕಿನ ತಳದಲ್ಲೋ ಲೆಕ್ಕದ ವಹಿಯ ಹಾಳೆಗಳ ನಡುವೆಯೋ ಒಂದೆರಡು ಹಳೆಯ ನೋಟುಗಳು ಸಿಗುವುದುಂಟು. ಹಳೆಯದಾದಷ್ಟೂ ಬೆಲೆ ಹೆಚ್ಚೆಂದು ಎಲ್ಲರೂ ನಂಬುತ್ತಾರೆ. ಸಂಗ್ರಾಹಕರ ಲೆಕ್ಕವೇ ಬೇರೆ. ಅಂಥ ನೋಟು ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ, ಬೇಕೆನ್ನುವವರು ಎಷ್ಟು ಮಂದಿ ಎಂಬ ಮೂರು ಸಂಗತಿಗಳನ್ನು ಅವರು ನೋಡುತ್ತಾರೆ.

ಭಾರತದಲ್ಲಿ ಒಂದು ರೂಪಾಯಿಯ ನೋಟು ಬಂದದ್ದು 1917ರಲ್ಲಿ. ಮರುವರ್ಷ ಬಂದ ಎರಡೂವರೆ ರೂಪಾಯಿಯ ನೋಟು ಕೆಲವೇ ವರ್ಷ ನಡೆಯಿತು. ಆದ್ದರಿಂದ ಅದು ಇಂದು ಅಪರೂಪ. ಸ್ವಾತಂತ್ರ್ಯಾನಂತರದ ಒಂದು, ಎರಡು ರೂಪಾಯಿ ನೋಟುಗಳು ಅಪಾರ ಸಂಖ್ಯೆಯಲ್ಲಿ ಅಚ್ಚಾದವು. ಐವತ್ತು ವರ್ಷ ಕಳೆದರೂ ಅವುಗಳಲ್ಲಿ ಹೆಚ್ಚಿನವಕ್ಕೆ ದೊಡ್ಡ ಬೆಲೆಯಿಲ್ಲ.

ಇದಕ್ಕೆ ನಮ್ಮ ಸಮೀಪದ ಉದಾಹರಣೆಯೂ ಇದೆ. ಇಂಡಿ ತಾಲ್ಲೂಕು ಮುಂಬಯಿ ಪ್ರಾಂತದಲ್ಲಿದ್ದಾಗ ಭೀಮಾ ನದಿಯಾಚೆಯ ಅಫಜಲಪುರ ನಿಜಾಮರ ಆಳ್ವಿಕೆಯಲ್ಲಿತ್ತು. ಹೈದರಾಬಾದ್ ಸಂಸ್ಥಾನ 1918ರ ಕಾಯ್ದೆಯಂತೆ ತನ್ನದೇ ನೋಟು ಹೊರಡಿಸಿತು. ಏಳು ಹಾಲಿ ಸಿಕ್ಕಾ ರೂಪಾಯಿ ಆರು ಬ್ರಿಟಿಷ್ ರೂಪಾಯಿಗೆ ಸಮ. ಆ ನೋಟಿನ ಮೇಲೆ ಉರ್ದು, ತೆಲುಗು, ಮರಾಠಿಗಳ ಜೊತೆ ಕನ್ನಡವೂ ಇತ್ತು. 1959ರಲ್ಲಿ ಆ ಹಣದ ಚಲಾವಣೆ ಮುಗಿಯಿತು. ಒಂದೇ ಸಂಸ್ಥಾನದ ಹಣವಾದ್ದರಿಂದ ಚೆನ್ನಾಗಿ ಉಳಿದ ಪ್ರತಿಗಳನ್ನು ಸಂಗ್ರಾಹಕರು ಹುಡುಕುತ್ತಾರೆ.

ಸ್ಥಿತಿಯ ವಿಷಯದಲ್ಲಿ ಅವರು ಬಲು ಕಟ್ಟುನಿಟ್ಟು. ಮಡಿಕೆಯಿಲ್ಲದ ಗರಿಗರಿ ನೋಟಿಗೆ ಬರುವ ಬೆಲೆ, ಎಲೆಅಡಿಕೆಯ ಸಂಚಿಯಲ್ಲಿ ಮಡಚಿಟ್ಟ ಅದೇ ನೋಟಿಗೆ ಬರುವುದಿಲ್ಲ. ಹಿಂದೆ ಬ್ಯಾಂಕುಗಳಲ್ಲಿ ಕಟ್ಟುಗಳಿಗೆ ಪಿನ್ ಹೊಡೆಯುತ್ತಿದ್ದರು. ಆ ತೂತೂ ಬೆಲೆ ಇಳಿಸುತ್ತದೆ. ಹಳೆಯ ನೋಟನ್ನು ತೊಳೆಯುವುದು, ಇಸ್ತ್ರಿ ಮಾಡುವುದು, ಟೇಪ್ ಅಂಟಿಸುವುದು, ಲ್ಯಾಮಿನೇಷನ್ ಮಾಡಿಸುವುದು ಎಲ್ಲವೂ ನಷ್ಟವೇ.

ಸಹಿ ಮತ್ತು ಸಂಖ್ಯೆಗಳಿಂದಲೂ ಬೇಡಿಕೆ ಹುಟ್ಟುತ್ತದೆ. ರಿಸರ್ವ್ ಬ್ಯಾಂಕಿನ ಮೊದಲ ಗವರ್ನರ್ ಆಸ್ಬರ್ನ್ ಸ್ಮಿತ್ ಸಹಿಯ ನೋಟೇ ಇಲ್ಲ. ಬ್ಯಾಂಕಿನ ಮೊದಲ ನೋಟುಗಳು 1938ರಲ್ಲಿ ಜೇಮ್ಸ್ ಟೇಲರ್ ಸಹಿಯೊಂದಿಗೆ ಬಂದವು. ಆದುದರಿಂದ ಆಸ್ಬರ್ನ್ ಸ್ಮಿತ್ ಸಹಿ ಇದೆಯೆಂದು ಯಾರಾದರೂ ನೋಟು ತೋರಿಸಿದರೆ ಅದು ಖೊಟ್ಟಿ.

‘786 ಸಂಖ್ಯೆಯ ನೋಟಿಗೆ ಲಕ್ಷಾಂತರ ರೂಪಾಯಿ’ ಎಂಬ ಜಾಹೀರಾತುಗಳನ್ನು ಊರಿನವರು ನನಗೆ ಕಳಿಸುತ್ತಾರೆ. ನಾನು ಸಾಫ್ಟ್‌ವೇರ್ ಕೆಲಸದವನೆಂದು ‘ಇದು ಖರೇನ?’ ಎಂದು ಕೇಳುತ್ತಾರೆ. ಇಂಥ ಸಂಖ್ಯೆಗೆ ಆಸಕ್ತರು ಸ್ವಲ್ಪ ಹೆಚ್ಚು ಕೊಡಬಹುದು, ಅಷ್ಟೆ. ನೋಟು ಮಾರಿಸಿಕೊಡುತ್ತೇವೆಂದು ಮೊದಲೇ ಕಮಿಷನ್ ಅಥವಾ ತೆರಿಗೆ ಕೇಳಿದರೆ ಅದು ಮೋಸವೇ. ತಾನು ಹಳೆಯ ನೋಟು, ನಾಣ್ಯಗಳ ಇಂಥ ವ್ಯವಹಾರ ಮಾಡುವುದಿಲ್ಲ, ಅದಕ್ಕಾಗಿ ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ.

ಆದ್ದರಿಂದ ಮನೆಯಲ್ಲಿ ಹಳೆಯ ನೋಟಿದ್ದರೆ ಅವಸರ ಬೇಡ. ಮಡಚದೆ, ಒಣ ಜಾಗದಲ್ಲಿ ಕಾಗದದ ಲಕೋಟೆಯೊಳಗಿಡಿ. ಅದು ಯಾರ ಕೈಯಿಂದ ಬಂತು, ಯಾವ ಊರಿನ ವ್ಯವಹಾರದ್ದು ಎಂಬುದನ್ನು ಹಿರಿಯರನ್ನು ಕೇಳಿ ಲಕೋಟೆಯ ಮೇಲೆ ಬರೆದಿಡಿ. ಮಾರುಕಟ್ಟೆಯಲ್ಲಿ ಅದಕ್ಕೆ ಹತ್ತು ರೂಪಾಯಿಯೂ ಬಾರದಿರಬಹುದು, ಆದರೆ ನಮ್ಮ ಶಾಲೆಯ ಇತಿಹಾಸದ ತರಗತಿಗೆ ಅದೊಂದು ಒಳ್ಳೆಯ ಪಾಠವಾಗುತ್ತದೆ.