ಡ್ರೈವರ್ ಇಲ್ಲದ ಕಾರಿಗೆ ಬೇರೆ ಲೇನ್ ಬೇಕಾ? 1939ರಿಂದ ನಡೀತಿರೋ ಚರ್ಚೆ

ಡ್ರೈವರ್ ಇಲ್ಲದೆ ಓಡೋ ಕಾರುಗಳಿಗೆ ರಸ್ತೆಯಲ್ಲಿ ಪ್ರತ್ಯೇಕ ಲೇನ್ ಬಿಟ್ಟುಕೊಡಬೇಕಾ? ಪ್ರಶ್ನೆ ಹೊಸದು ಅನ್ನಿಸಬಹುದು. ಆದರೆ ಇದಕ್ಕೆ ಎಂಬತ್ತು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ.

1939, ನ್ಯೂಯಾರ್ಕ್ ವರ್ಲ್ಡ್ಸ್ ಫೇರ್. ಜನರಲ್ ಮೋಟರ್ಸ್ ಕಂಪನಿಗಾಗಿ ಡಿಸೈನರ್ ನಾರ್ಮನ್ ಬೆಲ್ ಗೆಡ್ಡೆಸ್ 'ಫ್ಯೂಚುರಾಮಾ' ಅನ್ನೋ ಪ್ರದರ್ಶನ ಕಟ್ಟಿದ್ದರು. 1960ರ ಅಮೆರಿಕ ಹೇಗಿರುತ್ತೆ ಅಂತ ತೋರಿಸೋ ದೈತ್ಯ ಮಾದರಿ ಅದು. ಅಲ್ಲಿ ಒಂದೊಂದು ವೇಗಕ್ಕೆ ಒಂದೊಂದು ಲೇನ್, ಕಾರುಗಳ ನಡುವೆ ಅಂತರ ಕಾಯೋದಕ್ಕೆ ರೇಡಿಯೊ. ಜನ ಕ್ಯೂ ನಿಂತು ನೋಡಿದರು. 1960 ಬಂತು, ಆ ರಸ್ತೆ ಮಾತ್ರ ಬರಲಿಲ್ಲ.

ನಿಜವಾದ ಪರೀಕ್ಷೆ ನಡೆದದ್ದು ಇನ್ನೂ ಎಷ್ಟೋ ವರ್ಷ ಆದಮೇಲೆ. ತಾನಾಗೇ ವಾಹನ ಓಡಿಸೋ ಹೆದ್ದಾರಿಯ ಮಾದರಿಯನ್ನ 1997ರೊಳಗೆ ತೋರಿಸಬೇಕು ಅಂತ ಅಮೆರಿಕ 1991ರಲ್ಲಿ ಕಾನೂನನ್ನೇ ಮಾಡಿತು. 1997ರ ಆಗಸ್ಟ್‌ನಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಹತ್ತಿರ ಐ-15 ಹೆದ್ದಾರಿಯ ಸುಮಾರು 12 ಕಿ.ಮೀ. ಪ್ರತ್ಯೇಕ ಲೇನ್‌ನಲ್ಲಿ ಅದು ಆಗಿಯೂ ಹೋಯ್ತು. ರಸ್ತೆಯೊಳಗೆ ಸಾಲಾಗಿ ಅಯಸ್ಕಾಂತ ಹೂತಿದ್ದರು. ಅದನ್ನೇ ದಾರಿ ಮಾಡಿಕೊಂಡು ಎಂಟು ಬ್ಯೂಕ್ ಕಾರುಗಳು ಒಂದರ ಬೆನ್ನಿಗೆ ಒಂದು ಓಡಿದವು.

ಪ್ರಯೋಗ ಗೆದ್ದಿತು, ಯೋಜನೆ ಸೋತಿತು. ಸರ್ಕಾರ ಇದರಿಂದ ಹಿಂದೆ ಸರಿದು, ಬೇಗ ಫಲ ಕೊಡೋ ಸುರಕ್ಷತಾ ತಂತ್ರಜ್ಞಾನದ ಕಡೆ ತಿರುಗಿತು. ಯಾಕಂದ್ರೆ ಇಲ್ಲಿರೋದು ಬೀಜ ಮೊದಲೋ ಮರ ಮೊದಲೋ ಅನ್ನೋ ಕಥೆ. ಲೇನ್ ಇಲ್ಲದೆ ಅಂಥ ಕಾರು ಯಾರು ಕೊಳ್ತಾರೆ? ಕಾರೇ ಇಲ್ಲದೆ ದೇಶದ ರಸ್ತೆಗಳನ್ನ ಅಗೆಯೋರು ಯಾರು?

ಮುಂದೆ ಲೆಕ್ಕಾಚಾರವೇ ಬದಲಾಯ್ತು. ಅಮೆರಿಕದ ರಕ್ಷಣಾ ಸಂಸ್ಥೆ ಡಾರ್ಪಾ 2004ರಲ್ಲಿ ಮರುಭೂಮಿಯಲ್ಲಿ ಸ್ಪರ್ಧೆ ಇಟ್ಟಾಗ ಒಂದು ವಾಹನವೂ ಗುರಿ ಮುಟ್ಟಲಿಲ್ಲ. ಮರುವರ್ಷ ಐದು ಮುಟ್ಟಿದವು. ಗೆದ್ದಿದ್ದು ಸ್ಟ್ಯಾನ್‌ಫರ್ಡ್‌ನ 'ಸ್ಟ್ಯಾನ್ಲಿ'. ಬುದ್ಧಿ ರಸ್ತೆಯಿಂದ ಕಾರಿಗೆ ಬಂತು. ಇವತ್ತು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವೇಮೊ ಟ್ಯಾಕ್ಸಿಗಳು ಓಡೋದು ಎಲ್ಲರ ಜೊತೆ, ಮಾಮೂಲಿ ರಸ್ತೆಯಲ್ಲೇ.

ಆದರೂ ಲೇನ್ ಆಸೆ ಸತ್ತಿಲ್ಲ. 2020ರಲ್ಲಿ ಮಿಚಿಗನ್ ರಾಜ್ಯ, ಡೆಟ್ರಾಯಿಟ್‌ನಿಂದ ಆ್ಯನ್ ಆರ್ಬರ್‌ವರೆಗೆ ಸುಮಾರು 64 ಕಿ.ಮೀ. ಇಂಥ ಕಾರಿಡಾರ್ ಯೋಜನೆ ಘೋಷಿಸಿತು.

ಇಲ್ಲೇ ಇರೋದು ಅಸಲಿ ವಿಷಯ. ಕಾರು ಖಾಸಗಿ, ರಸ್ತೆ ಎಲ್ಲರ ತೆರಿಗೆಯದು. ಒಂದು ಲೇನ್ ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಂದ ಕಿತ್ತುಕೊಂಡ ಹಾಗೇ. ಬೆಂಗಳೂರಿನ ಔಟರ್ ರಿಂಗ್ ರೋಡ್‌ನಲ್ಲಿ 2019ರಲ್ಲಿ ಬಸ್‌ಗೆ ಅಂತ ಲೇನ್ ಬಿಟ್ಟಾಗ ಅದಕ್ಕೊಂದು ನ್ಯಾಯ ಇತ್ತು: ಒಂದು ಬಸ್ಸು ಹತ್ತಾರು ಜನರನ್ನ ಹೊರುತ್ತೆ. ಡ್ರೈವರ್ ಇಲ್ಲ ಅನ್ನೋದೊಂದೇ ಲೇನ್ ಕೊಡೋದಕ್ಕೆ ಕಾರಣ ಆಗಬಾರದು. ಒಳಗೆ ಎಷ್ಟು ಜನ ಕೂತಿದ್ದಾರೆ ಅನ್ನೋದನ್ನ ಮೊದಲು ಎಣಿಸೋಣ.

ನಿಮಗೇನನ್ನಿಸುತ್ತೆ, ಕಾಮೆಂಟ್‌ನಲ್ಲಿ ಬರೀರಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.