ನಾಲ್ವರು ಬಡಗಿಗಳ ಮಿಂಬರ್

ಬೈತುಲ್ ಮುಕದ್ದಸ್‌ನ ಮಾತು ಬಂದೊಡನೆ ನಮ್ಮ ಭಾಷಣಗಳಲ್ಲಿ, ಬರಹಗಳಲ್ಲಿ ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯ ಹೆಸರೂ ಬರುತ್ತದೆ. 1187ರ ಅಕ್ಟೋಬರ್‌ನಲ್ಲಿ ಆತ ನಗರವನ್ನು ಕ್ರುಸೇಡರ್‌ಗಳಿಂದ ಮರಳಿ ಪಡೆದುದನ್ನೂ ಎಂಬತ್ತೆಂಟು ವರ್ಷಗಳ ಬಳಿಕ ಮಸ್ಜಿದುಲ್ ಅಕ್ಸಾದಲ್ಲಿ ಮತ್ತೆ ಜುಮಾ ಖುತ್ಬಾ ನಡೆದುದನ್ನೂ ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಆ ಮಸೀದಿಗೆ ಆತ ಅಲೆಪ್ಪೊದಿಂದ ತರಿಸಿದ ಮರದ ಮಿಂಬರ್‌ನ ಕತೆಯೂ ಇದರೊಂದಿಗೆ ಸೇರಿಕೊಂಡಿದೆ. ಮಿಂಬರ್ ಎಂದರೆ ಶುಕ್ರವಾರದ ಪ್ರವಚನಕ್ಕಾಗಿ ಇಮಾಮರು ಏರಿ ನಿಲ್ಲುವ, ಮೆಟ್ಟಿಲುಗಳುಳ್ಳ ಪೀಠ. ಅದನ್ನು ಜನ 'ಸಲಾಹುದ್ದೀನ್ ಮಿಂಬರ್' ಎಂದೇ ಕರೆದರು. ಆದರೆ ಅದನ್ನು ಮಾಡಿಸಿದವನು ಸಲಾಹುದ್ದೀನ್ ಅಲ್ಲ. ಮಾಡಿದವರಂತೂ ಯಾವ ಸುಲ್ತಾನರೂ ಅಲ್ಲ.

ಮಾಡಿಸಿದವನು ಸಲಾಹುದ್ದೀನನ ಒಡೆಯನಾಗಿದ್ದ ನೂರುದ್ದೀನ್ ಝಂಗಿ. ಹಿಜರಿ 564ರಲ್ಲಿ, ಅಂದರೆ ಕ್ರಿ.ಶ. 1168-69ರಲ್ಲಿ, ಆತ ಅಲೆಪ್ಪೊದ ಬಡಗಿಗಳಿಗೆ ಈ ಕೆಲಸ ವಹಿಸಿದ. ಆಗ ಬೈತುಲ್ ಮುಕದ್ದಸ್ ಇನ್ನೂ ಕ್ರುಸೇಡರ್‌ಗಳ ಕೈಯಲ್ಲಿತ್ತು. ಇನ್ನೂ ಕೈಗೆ ಬಾರದ ಮಸೀದಿಗಾಗಿ ಮೊದಲೇ ಮಿಂಬರ್ ಮಾಡಿಸಿಟ್ಟ ಆ ವಿಶ್ವಾಸ ಎಂಥದ್ದಿರಬೇಕು! 1174ರಲ್ಲಿ ನೂರುದ್ದೀನ್ ತೀರಿಕೊಂಡ. ಮಿಂಬರ್ ಸುಮಾರು ಎರಡು ದಶಕಗಳ ಕಾಲ ಅಲೆಪ್ಪೊದಲ್ಲೇ ಕಾದಿತ್ತು. ನಗರ ಮರಳಿ ದೊರೆತಾಗ ಸಲಾಹುದ್ದೀನ್ ಮಾಡಿದ್ದು ತನ್ನ ಹಿಂದಿನ ಒಡೆಯನ ಆಸೆಯನ್ನು ಈಡೇರಿಸುವ ಕೆಲಸ.

ಇದಿಷ್ಟು ದೊರೆಗಳ ಕತೆ. ಮಿಂಬರ್‌ನ ಮರದ ಮೇಲೆ ನೂರುದ್ದೀನನ ಹೆಸರಿನ ಜೊತೆಗೆ ಅದನ್ನು ಕಡೆದು ಜೋಡಿಸಿದ ಕುಶಲಕರ್ಮಿಗಳ ಹೆಸರುಗಳೂ ಇದ್ದವು. ಹುಮೈದ್ ಬಿನ್ ಝಾಫಿರ್, ಸಲ್ಮಾನ್ ಬಿನ್ ಮಆಲಿ, ಅಬುಲ್ ಹಸನ್ ಬಿನ್ ಯಹ್ಯಾ, ಫಝಾಇಲ್ ಬಿನ್ ಯಹ್ಯಾ. ಎಂಟು ಶತಮಾನಗಳ ಕಾಲ ಆ ಮೆಟ್ಟಿಲೇರಿದ ಖತೀಬರ ಪಕ್ಕದಲ್ಲೇ ಈ ನಾಲ್ವರ ಹೆಸರುಗಳೂ ಇದ್ದವು. ಒಬ್ಬ ಬಡಗಿ ತನ್ನ ಹೆಸರನ್ನು ದೊರೆಯ ಹೆಸರಿನೊಂದಿಗೆ ಮಸೀದಿಯ ಒಳಗೇ ಬರೆಯಬಹುದಾಗಿದ್ದ ಕಾಲ ಅದು.

ಇದರಲ್ಲಿ ಅಚ್ಚರಿಪಡಬೇಕಾದುದೇನೂ ಇಲ್ಲ. ಪ್ರವಾದಿ ಝಕರಿಯ್ಯಾ(ಅ) ಬಡಗಿಯಾಗಿದ್ದರೆಂದು ಹದೀಸ್‌ನಲ್ಲಿದೆ. ಪ್ರವಾದಿ ಮುಹಮ್ಮದ್(ಸ)ರ ಮಿಂಬರ್‌ಗೆ ಮೂರೇ ಮೆಟ್ಟಿಲುಗಳು. ಮದೀನಾದ ಸಮೀಪದ ಗಾಬಾ ಎಂಬಲ್ಲಿನ ಮರದಿಂದ ಅದನ್ನು ಮಾಡಿದವನು ಓರ್ವ ಮಹಿಳೆಯ ಸೇವಕನಾಗಿದ್ದ ಬಡಗಿ. ಆತನ ಹೆಸರಿನ ಬಗ್ಗೆ ವರದಿಗಳಲ್ಲಿ ಒಮ್ಮತವಿಲ್ಲ. ಇಸ್ಲಾಮಿನ ಮೊದಲ ಮಿಂಬರ್ ಹೀಗೆ ಒಬ್ಬ ಗುಲಾಮನ ಕೈಕೆಲಸ.

ಅಲೆಪ್ಪೊದ ಆ ನಾಲ್ವರು ಮಾಡಿದ ಕೆಲಸದ ಹಿರಿಮೆ ತಿಳಿಯಬೇಕಾದರೆ ಮರದ ಸ್ವಭಾವವನ್ನು ಸ್ವಲ್ಪ ಅರಿಯಬೇಕು. ಕಡಿದು ಒಣಗಿಸಿದ ಮರವೂ ಸುಮ್ಮನಿರುವುದಿಲ್ಲ. ಮಳೆಗಾಲದಲ್ಲಿ ತೇವ ಹೀರಿ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ನಾರಿನ ಉದ್ದಕ್ಕೆ ಈ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಅಡ್ಡಕ್ಕೆ ಮಾತ್ರ ಒಂದಡಿ ಅಗಲದ ಹಲಗೆ ಮೂರು ನಾಲ್ಕು ಮಿಲಿಮೀಟರ್‌ನಷ್ಟು ಆಚೀಚೆ ಆಗುವುದುಂಟು. ಅಗಲವಾದ ಹಲಗೆಗಳನ್ನು ಮೊಳೆ ಹೊಡೆದು ಬಿಗಿದರೆ ಕೆಲವೇ ವರ್ಷಗಳಲ್ಲಿ ಅವು ಬಾಗುತ್ತವೆ, ಇಲ್ಲವೇ ಸೀಳುತ್ತವೆ. ಮಳೆಗಾಲದಲ್ಲಿ ಮುಚ್ಚಲಾಗದ ನಮ್ಮ ಮನೆಗಳ ಬಾಗಿಲುಗಳೇ ಇದಕ್ಕೆ ಸಾಕ್ಷಿ.

ಆ ಕಾಲದ ಬಡಗಿಗಳು ಮರದ ಈ ಚಲನೆಯನ್ನು ತಡೆಯಲು ಹೋಗಲಿಲ್ಲ, ಅದಕ್ಕೆ ಜಾಗ ಮಾಡಿಕೊಟ್ಟರು. ಮೊದಲು ಕೈವಾರ ಮತ್ತು ಅಳತೆಪಟ್ಟಿಯಿಂದ ನಕ್ಷತ್ರ ಮತ್ತು ಬಹುಭುಜಗಳ ವಿನ್ಯಾಸ ಬರೆಯುತ್ತಿದ್ದರು. ಪ್ರತಿಯೊಂದು ಆಕೃತಿಯನ್ನೂ ಬೇರೆ ಬೇರೆ ತುಂಡಾಗಿ ಕೊಯ್ದು, ಅದರ ಅಂಚಿನಲ್ಲಿ ತೆಳುವಾದ ನಾಲಗೆ ಬಿಡುತ್ತಿದ್ದರು. ಆಕೃತಿಗಳ ನಡುವೆ ಹಾದುಹೋಗುವ ಪಟ್ಟಿಗಳ ಎರಡೂ ಬದಿಗೆ ಉದ್ದಕ್ಕೂ ಕಾಲುವೆ ತೋಡುತ್ತಿದ್ದರು. ನಾಲಗೆ ಕಾಲುವೆಯೊಳಗೆ ಕೂತುಕೊಳ್ಳುತ್ತದೆ. ಅಂಟೂ ಇಲ್ಲ, ಮೊಳೆಯೂ ಇಲ್ಲ. ಒಂದು ತುಂಡನ್ನು ಇನ್ನೊಂದು ಹಿಡಿದಿಡುತ್ತದೆ, ಎಲ್ಲವನ್ನೂ ಹೊರಗಿನ ಚೌಕಟ್ಟು ಹಿಡಿದಿಡುತ್ತದೆ. ತುಂಡು ಸಣ್ಣದಾದ್ದರಿಂದ ಅದರ ಹಿಗ್ಗು ಕುಗ್ಗು ಕೂದಲೆಳೆಯಷ್ಟು. ಅದೂ ಕಾಲುವೆಯೊಳಗಿನ ಸಡಿಲ ಜಾಗದಲ್ಲಿ ಅಡಗಿಹೋಗುತ್ತದೆ. ಅರಬಿಯಲ್ಲಿ ತಅ್‌ಶೀಕ್, ತುರ್ಕಿಯಲ್ಲಿ ಕುಂದೆಕಾರಿ ಎಂದು ಕರೆಯುವ ವಿಧಾನ ಇದು. ತುರ್ಕಿಯ ಕೊನ್ಯಾ ನಗರದ ಅಲಾವುದ್ದೀನ್ ಮಸೀದಿಯಲ್ಲಿ 1155ರಲ್ಲಿ ಸಿದ್ಧವಾದ ಇಂತಹ ಮಿಂಬರ್ ಇಂದಿಗೂ ಇದೆ. ಅದರಲ್ಲೂ ಮಾಡಿದವನ ಹೆಸರಿದೆ: ಅಹ್ಲಾತ್ ಊರಿನ ಮೆಂಗುಬೆರ್ತಿ.

ಒಂದು ಕೋನ ಒಂದಿಷ್ಟು ತಪ್ಪಿದರೂ ಈ ಕೆಲಸದಲ್ಲಿ ಉಳಿಗಾಲವಿಲ್ಲ. ಮೊದಲ ತುಂಡಿನ ತಪ್ಪು ನೂರನೆಯ ತುಂಡಿನ ಹೊತ್ತಿಗೆ ಬೆರಳು ತೂರುವಷ್ಟು ಬಿರುಕಾಗಿ ನಿಲ್ಲುತ್ತದೆ. ಹಾಗಾಗಿ ಬಡಗಿಗೆ ಗಣಿತವೂ ತಿಳಿದಿರಬೇಕಿತ್ತು. ಪುಸ್ತಕದಿಂದ ಕಲಿತ ಗಣಿತ ಸಾಲದು, ಅದು ಉಳಿ ಹಿಡಿದ ಕೈಗೂ ಗೊತ್ತಿರಬೇಕು. ತಂದೆಯಿಂದ ಮಗನಿಗೆ, ಉಸ್ತಾದನಿಂದ ಶಿಷ್ಯನಿಗೆ ಅದು ದಾಟುತ್ತಿತ್ತು. ಮೇಲಿನ ನಾಲ್ವರಲ್ಲಿ ಇಬ್ಬರ ತಂದೆಯ ಹೆಸರೂ ಯಹ್ಯಾ ಎಂದೇ ಇರುವುದು ಗಮನಾರ್ಹ.

1969ರ ಆಗಸ್ಟ್ 21ರಂದು ಡೆನಿಸ್ ಮೈಕೇಲ್ ರೋಹನ್ ಎಂಬ ಆಸ್ಟ್ರೇಲಿಯನ್ ಪ್ರಜೆ ಮಸ್ಜಿದುಲ್ ಅಕ್ಸಾಕ್ಕೆ ಬೆಂಕಿ ಹಚ್ಚಿದ. ಎಂಟುನೂರು ವರ್ಷಗಳ ಮಿಂಬರ್ ಸುಟ್ಟುಹೋಯಿತು. ಉಳಿದ ಕೆಲವು ತುಂಡುಗಳು ಹರಮ್ ಆವರಣದ ವಸ್ತುಸಂಗ್ರಹಾಲಯ ಸೇರಿದವು. ಮುಸ್ಲಿಮ್ ಜಗತ್ತು ಕೆರಳಿತು. ಮರುತಿಂಗಳೇ ಮೊರಾಕ್ಕೊದ ರಬಾತ್‌ನಲ್ಲಿ ರಾಷ್ಟ್ರನಾಯಕರು ಸಭೆ ಸೇರಿದರು. ಇಸ್ಲಾಮಿಕ್ ರಾಷ್ಟ್ರಗಳ ಸಂಘಟನೆ ಹುಟ್ಟಿದ್ದು ಅಲ್ಲಿಂದಲೇ. ಠರಾವುಗಳಾದವು, ಹೇಳಿಕೆಗಳು ಬಂದವು. ಆದರೆ ಅಂಥದ್ದೇ ಇನ್ನೊಂದು ಮಿಂಬರ್ ಅದರ ಜಾಗದಲ್ಲಿ ನಿಲ್ಲಲು ಬರೋಬ್ಬರಿ ಮೂವತ್ತೇಳು ವರ್ಷಗಳು ಬೇಕಾದವು.

ಹಣವಿತ್ತು, ಮರವಿತ್ತು, ಮರ ಕೊಯ್ಯುವ ಯಂತ್ರಗಳೂ ಇದ್ದವು. ಇಲ್ಲದಿದ್ದುದು ಆ ಜ್ಞಾನ. ಮೂಲ ನಕ್ಷೆ ಎಂಬುದಿರಲಿಲ್ಲ. ಇದ್ದುದು ಹಳೆಯ ಛಾಯಾಚಿತ್ರಗಳು ಮತ್ತು ಸುಟ್ಟುಳಿದ ತುಂಡುಗಳು ಮಾತ್ರ. ಕೊನೆಗೆ ಮಿನ್ವರ್ ಅಲ್ ಮುಹೈದ್ ಎಂಬ ಎಂಜಿನಿಯರ್ ಆ ವಿನ್ಯಾಸಗಳ ರೇಖಾಗಣಿತವನ್ನು ಬಿಡಿಸಿ ನಕ್ಷೆಗಳನ್ನು ಸಿದ್ಧಪಡಿಸಿದರು. ಜೋರ್ಡಾನ್‌ನ ಸಾಲ್ಟ್ ಪಟ್ಟಣದಲ್ಲಿ ಇದಕ್ಕಾಗಿ ಕಾರ್ಯಾಗಾರ ತೆರೆಯಲಾಯಿತು. ಟರ್ಕಿ, ಇಂಡೋನೇಷ್ಯ ಮುಂತಾದ ದೇಶಗಳಿಂದ ಕುಶಲಕರ್ಮಿಗಳು ಬಂದರು. ಸುಮಾರು ಹದಿನಾರೂವರೆ ಸಾವಿರ ತುಂಡುಗಳನ್ನು ಅಂಟು, ಮೊಳೆಗಳಿಲ್ಲದೆ ಜೋಡಿಸಿ 2007ರ ಜನವರಿಯಲ್ಲಿ ಹೊಸ ಮಿಂಬರನ್ನು ಅಕ್ಸಾಕ್ಕೆ ತಲುಪಿಸಿದರು. ಒಂದು ಕಾಲದಲ್ಲಿ ಒಂದೇ ಊರಿನ ಬಡಗಿಗಳು ಮಾಡಿ ಮುಗಿಸಿದ ಕೆಲಸಕ್ಕೆ ಹಲವು ದೇಶಗಳ ಕೈಗಳನ್ನು ಹುಡುಕಿ ತರಬೇಕಾಯಿತು.

ಇಲ್ಲಿ ನಾವು ಒಂದು ಪ್ರಶ್ನೆಯನ್ನು ನಮಗೇ ಕೇಳಿಕೊಳ್ಳಬೇಕಾಗಿದೆ. ಬೆಂಕಿ ಹಚ್ಚಿದವನನ್ನು ನಾವು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಆದರೆ ಆ ವಿದ್ಯೆ ಅದಕ್ಕೂ ಎಷ್ಟೋ ಮೊದಲೇ ನಮ್ಮ ಕೈಗಳಿಂದ ಜಾರಿ ಹೋಗಿತ್ತಲ್ಲ, ಅದಕ್ಕೆ ಯಾರು ಹೊಣೆ? ಅದನ್ನು ಯಾರೂ ಸುಡಲಿಲ್ಲ. ಕಲಿಯುವವರಿಲ್ಲದೆ ಅದು ತಾನಾಗಿ ಆರಿತು.

ಈ ಪ್ರಶ್ನೆ ಅಲೆಪ್ಪೊ, ಜೆರುಸಲೇಮಿಗೆ ಮಾತ್ರ ಸಂಬಂಧಿಸಿದ್ದಲ್ಲ. ಮಂಗಳೂರು ಬಂದರಿನ ಝೀನತ್ ಬಕ್ಷ್ ಜುಮಾ ಮಸೀದಿಯ ಒಳಗೆ ಮರದ ಕೆತ್ತನೆಯ ಕಂಬಗಳಿವೆ. ಅವುಗಳ ಮುಂದೆ ನಿಂತು ನಾವು ಮಸೀದಿಯ ಪ್ರಾಚೀನತೆಯ ಬಗ್ಗೆ ಮಾತನಾಡುತ್ತೇವೆ, ಟಿಪ್ಪು ಸುಲ್ತಾನರ ಹೆಸರೆತ್ತುತ್ತೇವೆ. ಉಳಿ ಹಿಡಿದವರು ಯಾರೆಂಬ ಯೋಚನೆ ನಮಗೆ ಬರುವುದಿಲ್ಲ. ಇಂದು ನಮ್ಮ ಎಷ್ಟೋ ಊರುಗಳಲ್ಲಿ ಮಸೀದಿ ನವೀಕರಣವೆಂದರೆ ಹಳೆಯ ಮರ ಕಿತ್ತು ಅಮೃತಶಿಲೆ ಹಾಸುವುದು. ಮಗ ಬಡಗಿಯಾಗುತ್ತೇನೆಂದರೆ ಓದಿನಲ್ಲಿ ಹಿಂದುಳಿದ ಎಂದು ಮರುಗುವವರೇ ಹೆಚ್ಚು.

ಮನೆಯ ಹಿತ್ತಲಲ್ಲಿ ಬಿಡುವಿನ ವೇಳೆ ಮರಗೆಲಸ ಮಾಡುವ ಹವ್ಯಾಸಿಗಳು ಇತ್ತೀಚೆಗೆ ನಗರಗಳಲ್ಲಿ ಕಾಣಸಿಗುತ್ತಾರೆ. ಒಂದು ಗರಗಸ, ಒಂದೆರಡು ಉಳಿ, ಒಂದು ಉಜ್ಜುಗೊರಡು, ಒಂದು ಕೈವಾರ ಇಷ್ಟಿದ್ದರೆ ನಾಲಗೆ-ಕಾಲುವೆಯ ಒಂದು ಪುಟ್ಟ ಚೌಕವನ್ನು ಯಾರೂ ಪ್ರಯತ್ನಿಸಬಹುದು. ಮೊದಲನೆಯದು ಸರಿಹೊಂದುವುದಿಲ್ಲ, ಎರಡನೆಯದೂ ಹೊಂದಲಿಕ್ಕಿಲ್ಲ. ಆದರೆ ಹಾಗೆ ಒಮ್ಮೆ ಪ್ರಯತ್ನಿಸಿದವರು ಓಣಿಯ ಕೊನೆಯ ಮರಗೆಲಸದ ಅಂಗಡಿಯಲ್ಲಿ ಕೂತ ಹಿರಿಯ ಬಡಗಿಯನ್ನು ಬೇರೆಯದೇ ಕಣ್ಣಿನಿಂದ ನೋಡುತ್ತಾರೆ. ಆ ಗೌರವ ಮರಳಿದರೆ ಆತನ ಬಳಿ ಕಲಿಯಲು ಹುಡುಗರೂ ಬಂದಾರು. ಸಲಾಹುದ್ದೀನನ ಹೆಸರನ್ನು ಮಕ್ಕಳಿಗೆ ಹೇಳಿಕೊಡುವಾಗ ಹುಮೈದ್ ಮತ್ತು ಸಲ್ಮಾನರ ಹೆಸರುಗಳನ್ನೂ ಸೇರಿಸಿ ಹೇಳೋಣ. ಮಿಂಬರ್‌ನ ಮೇಲೆ ಆ ಹೆಸರುಗಳನ್ನು ಕೆತ್ತಲು ಬಿಟ್ಟ ಹಿರಿಯರು ನಮಗಿಂತ ಹೆಚ್ಚು ತಿಳಿದವರಾಗಿದ್ದರು.